ನಮ್ಮ ಉಪ್ಪಾಗೆ, ನಮ್ಮ ಕಾಫಿ ಮತ್ತು ತೂಕ ಇಳಿಸುವ ಗುಳಿಗೆಗಳು



ತೂಕ ಇಳಿಸುತ್ತೇವೆಂದು ಹೇಳುವ ಗುಳಿಗೆ, ಪುಡಿ, ಚಹಾಪುಡಿಗಳು ಈಗ ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಾಗಲಿ ಧಾರವಾಡದ ಸುಭಾಸ ರಸ್ತೆಯಲ್ಲಾಗಲಿ ಹುಡುಕಿಕೊಂಡು ಹೋಗಬೇಕಾದ ವಸ್ತುಗಳಲ್ಲ. ಮೊಬೈಲಿನಲ್ಲಿ ಬೆರಳೊತ್ತಿದರೆ ಮೂರನೆಯ ದಿನ ಮನೆ ಬಾಗಿಲಿಗೆ ಬರುತ್ತವೆ. ಇದರಲ್ಲಿ ನಮ್ಮ ಪತ್ರಿಕೆ ಏಕೆ ತಲೆ ಹಾಕಬೇಕು ಎಂದು ಕೆಲವರಿಗೆ ಅನಿಸಬಹುದು. ಕಾರಣ ಇದೆ. ಈ ಡಬ್ಬಿಗಳ ಮೇಲೆ ಮತ್ತೆ ಮತ್ತೆ ಕಾಣಿಸುವ ಎರಡು ಹೆಸರುಗಳು ನಮಗೆ ತೀರ ಪರಿಚಿತವಾದವು. ಒಂದು ‘ಗಾರ್ಸಿನಿಯಾ ಕ್ಯಾಂಬೋಜಿಯಾ’, ಅಂದರೆ ನಮ್ಮ ಬೆಟ್ಟದ ಉಪ್ಪಾಗೆ. ಇನ್ನೊಂದು ‘ಗ್ರೀನ್ ಕಾಫಿ’, ಅಂದರೆ ಹುರಿಯದ ಕಾಫಿ ಬೀಜ.

ಶಿರಸಿ ಕಡೆಯ ಸದಸ್ಯರೊಬ್ಬರು ಇಂಥ ಒಂದು ಡಬ್ಬಿಯನ್ನು ತಂದು ತೋರಿಸಿದರು. ಧಾರವಾಡದಲ್ಲಿ ಓದುತ್ತಿರುವ ಮಗಳ ಕೋಣೆಯಲ್ಲಿ ಸಿಕ್ಕಿತಂತೆ. ಅವರು ಕೇಳಿದ್ದು ಎರಡು ಮಾತು: “ಇದು ನಮ್ಮ ಉಪ್ಪಾಗೆಯೇ ಹೌದೋ? ಹೌದಾದರೆ ತಂಗಿ ತಿಂದರೆ ಅಡ್ಡಿ ಏನು, ನಾವು ಅಡುಗೆಗೆ ಹಾಕಿಕೊಂಡೇ ಬಂದಿದ್ದೇವಲ್ಲ?” ಮೊದಲನೆಯದಕ್ಕೆ ಹೌದು ಎಂದು ಹೇಳಿ ಮುಗಿಸಬಹುದು. ಎರಡನೆಯದು ಅಷ್ಟು ಸುಲಭವಲ್ಲ.

ಉಪ್ಪಾಗೆಯ ಸಿಪ್ಪೆ ಪಶ್ಚಿಮಘಟ್ಟದ ಉದ್ದಕ್ಕೂ ಅಡುಗೆಮನೆಯ ವಸ್ತು. ಕೊಡಗಿನಲ್ಲಿ ಇದರ ರಸವನ್ನು ಕಪ್ಪಾಗಿ ಗಟ್ಟಿಯಾಗುವವರೆಗೆ ಕುದಿಸಿ ಕಾಚಂಪುಳಿ ಮಾಡುತ್ತಾರೆ. ಕೇರಳದವರು ಕುಡಂಪುಳಿ ಎಂದು ಕರೆದು ಮೀನಿನ ಸಾರಿಗೆ ಹಾಕುತ್ತಾರೆ. ನಮ್ಮ ಕಡೆ ಬೀಜದಿಂದ ತುಪ್ಪ ತೆಗೆಯುವ ಪದ್ಧತಿಯೂ ಇದೆ. ಇದರ ಹುಳಿಗೆ ಕಾರಣವಾದ ಆಮ್ಲ ಯಾವುದೆಂದು ಮೊದಲಿಗೆ ಸರಿಯಾಗಿ ಗುರುತಿಸಿದವರು ನಮ್ಮ ರಾಜ್ಯದಲ್ಲೇ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳೆಂಬುದು ಹೆಚ್ಚಿನವರಿಗೆ ತಿಳಿದಿರಲಾರದು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಅವರು 1965ರಲ್ಲಿ, ಅದು ಹಿಂದೆ ತಿಳಿದಿದ್ದಂತೆ ನಿಂಬೆಯ ಹುಳಿಯಾಗಲಿ ದ್ರಾಕ್ಷಿಯ ಹುಳಿಯಾಗಲಿ ಅಲ್ಲ, ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿಕೊಟ್ಟರು. ಒಣಗಿದ ಸಿಪ್ಪೆಯಲ್ಲಿ ಇದು ಶೇಕಡಾ 10ರಿಂದ 30ರವರೆಗೂ ಇರುತ್ತದೆ. ಮುರುಗಲಿನಲ್ಲಿಯೂ ಇದೆ.

ಅವರ ಕೆಲಸಕ್ಕೂ ತೂಕ ಇಳಿಸುವುದಕ್ಕೂ ಏನೂ ಸಂಬಂಧವಿರಲಿಲ್ಲ. ಆ ಸಂಬಂಧ ಬಂದದ್ದು 1969ರಲ್ಲಿ. ನಾವು ತಿಂದ ಅನ್ನ, ರೊಟ್ಟಿ, ಸಕ್ಕರೆ ಹೆಚ್ಚಾದಾಗ ಶರೀರವು ಅದನ್ನು ಕೊಬ್ಬಾಗಿ ಮಾರ್ಪಡಿಸಿ ಕೂಡಿಡುತ್ತದೆ. ಈ ಮಾರ್ಪಾಡಿನ ದಾರಿಯಲ್ಲಿ ಒಂದು ಕಿಣ್ವ ಕೆಲಸ ಮಾಡುತ್ತದೆ. ಉಪ್ಪಾಗೆಯ ಆಮ್ಲ ಆ ಕಿಣ್ವವನ್ನು ಕಟ್ಟಿಹಾಕುತ್ತದೆ ಎಂದು ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ಕಂಡುಬಂತು. ಮುಂದೆ 1970ರ ದಶಕದಲ್ಲಿ ಇಲಿಗಳಿಗೆ ಕೊಟ್ಟು ನೋಡಿದರು. ಇಲಿಗಳು ಕಡಿಮೆ ತಿಂದವು, ಮೈಕೊಬ್ಬು ಕಡಿಮೆಯಾಯಿತು. ಇಷ್ಟೇ ಸಾಕಾಯಿತು. ಅಮೆರಿಕದಲ್ಲಿ 1994ರಲ್ಲಿ ಬಂದ ಒಂದು ಕಾನೂನು, ‘ಪೂರಕ ಆಹಾರ’ ಎಂದು ಮಾರುವ ಗುಳಿಗೆಗಳು ಕೆಲಸ ಮಾಡುತ್ತವೆಯೇ ಇಲ್ಲವೇ ಎಂಬುದನ್ನು ಮಾರುವ ಮೊದಲು ಸರ್ಕಾರಕ್ಕೆ ತೋರಿಸಬೇಕಾಗಿಲ್ಲ ಎಂದಿತು. ಅಂದಿನಿಂದ ಉಪ್ಪಾಗೆಯ ಡಬ್ಬಿಗಳು ಅಲ್ಲಿ ಅಂಗಡಿ ತುಂಬಿದವು.

ಮನುಷ್ಯರ ಮೇಲೆ ಗಟ್ಟಿಯಾದ ಪರೀಕ್ಷೆ ನಡೆದು ಫಲಿತಾಂಶ ಪ್ರಕಟವಾದದ್ದು 1998ರಲ್ಲಿ, ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ. ತೂಕ ಹೆಚ್ಚಿದ್ದ 135 ಜನರನ್ನು ಆರಿಸಿ, ಎಲ್ಲರಿಗೂ ಒಂದೇ ಬಗೆಯ ಮಿತವಾದ ಆಹಾರ ಹೇಳಿ, ಅರ್ಧದಷ್ಟು ಜನರಿಗೆ ದಿನಕ್ಕೆ 1500 ಮಿಲಿಗ್ರಾಂ ಉಪ್ಪಾಗೆಯ ಆಮ್ಲವನ್ನೂ ಉಳಿದವರಿಗೆ ನೋಡಲು ಅದರಂತೆಯೇ ಇರುವ ಬರಿಯ ಗುಳಿಗೆಯನ್ನೂ 12 ವಾರ ಕೊಟ್ಟರು. ಯಾರಿಗೆ ಯಾವುದು ಎಂದು ಕೊಡುವವರಿಗೂ ತಿಳಿಯದು, ತಿನ್ನುವವರಿಗೂ ತಿಳಿಯದು. ಉಪ್ಪಾಗೆ ತಿಂದವರು ಸರಾಸರಿ 3.2 ಕಿಲೋ ಇಳಿದರು. ಬರಿಯ ಗುಳಿಗೆ ತಿಂದವರು 4.1 ಕಿಲೋ ಇಳಿದರು! ಈ ಅಂತರ ಲೆಕ್ಕಕ್ಕೆ ಹಿಡಿಯುವಷ್ಟು ದೊಡ್ಡದಲ್ಲ ಎಂದು ಅವರೇ ಹೇಳಿದರು. ಉಪ್ಪಾಗೆಯಿಂದ ಕೆಡುಕಾಯಿತು ಎಂದಲ್ಲ, ಇಳಿಸಿದ್ದು ಗುಳಿಗೆಯಲ್ಲ, ಊಟದ ಮಿತಿ ಎಂದು ಅರ್ಥ. ಡಬ್ಬಿಯ ಮೇಲೆ “ಮಿತ ಆಹಾರ ಮತ್ತು ವ್ಯಾಯಾಮದೊಡನೆ ಸೇವಿಸಿ” ಎಂದು ಸಣ್ಣ ಅಕ್ಷರದಲ್ಲಿ ಬರೆದಿರುವುದೇಕೆಂದು ಇದರಿಂದ ತಿಳಿಯುತ್ತದೆ.

ಉಪಯೋಗವಿಲ್ಲದಿದ್ದರೆ ಹಣ ಹೋಯಿತು, ಅಷ್ಟೇ ಎನ್ನಬಹುದಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2009ರ ಮೇ 1ರಂದು ‘ಹೈಡ್ರಾಕ್ಸಿಕಟ್’ ಎಂಬ ಹೆಸರಾಂತ ಗುಳಿಗೆಗಳನ್ನು ತಿನ್ನಬೇಡಿರೆಂದು ಜನರನ್ನು ಎಚ್ಚರಿಸಿತು. ತೀವ್ರ ತೊಂದರೆಯ 23 ವರದಿಗಳು ಅದರ ಕೈಸೇರಿದ್ದವು, ಒಬ್ಬ ತರುಣ ಪಿತ್ತಜನಕಾಂಗ, ಅಂದರೆ ಲಿವರ್, ಕೆಟ್ಟು ಸತ್ತಿದ್ದ. ಆ ಗುಳಿಗೆಗಳಲ್ಲಿ ಹಲವು ಬಗೆಗಳಿದ್ದು ಅನೇಕದರಲ್ಲಿ ಉಪ್ಪಾಗೆಯ ಸತ್ವವಿತ್ತು. ಬೇರೆ ವಸ್ತುಗಳೂ ಇದ್ದುದರಿಂದ ತಪ್ಪು ಯಾವುದರದೆಂದು ಬೆರಳಿಟ್ಟು ತೋರಿಸಲು ಆಗ ಆಗಲಿಲ್ಲ. ಕಂಪನಿ ಆ ಮಾಲನ್ನು ಹಿಂದಕ್ಕೆ ಪಡೆಯಿತು, ಮುಂದೆ ಬೇರೆ ಮಿಶ್ರಣ ಮಾಡಿ ಅದೇ ಹೆಸರಿನಲ್ಲಿ ಮಾರಿತು.

ಬೆರಳಿಟ್ಟು ತೋರಿಸುವ ಕೆಲಸ ನಂತರ ನಡೆಯಿತು. ಔಷಧ ಮತ್ತು ಪೂರಕಗಳಿಂದ ಲಿವರ್ ಕೆಟ್ಟವರನ್ನು ದಾಖಲಿಸುವ ಅಮೆರಿಕದ ವೈದ್ಯರ ಜಾಲವೊಂದು 2004ರಿಂದ 2018ರವರೆಗಿನ ತನ್ನ ದಾಖಲೆಗಳನ್ನು ಶೋಧಿಸಿ, ಉಪ್ಪಾಗೆಗೆ ಸಂಬಂಧಿಸಿದ 22 ಪ್ರಕರಣಗಳನ್ನು 2022ರಲ್ಲಿ ಪ್ರಕಟಿಸಿತು. ಅವುಗಳಲ್ಲಿ 5 ಮಂದಿ ಉಪ್ಪಾಗೆಯ ಸತ್ವವೊಂದನ್ನೇ ತಿಂದವರು, 16 ಮಂದಿ ಹಸಿರು ಚಹಾದ ಸತ್ವದೊಡನೆ ತಿಂದವರು. ಒಂದು ನಿರ್ದಿಷ್ಟ ಆನುವಂಶಿಕ ಗುರುತು ಇರುವವರಲ್ಲಿ ಈ ತೊಂದರೆ ಹೆಚ್ಚೆಂದೂ ಅವರು ಕಂಡುಕೊಂಡರು. “ಪಕ್ಕದ ಮನೆಯವರು ಆರು ತಿಂಗಳು ತಿಂದರು, ಏನೂ ಆಗಲಿಲ್ಲ” ಎಂಬ ಮಾತಿಗೆ ಇಲ್ಲಿ ಉತ್ತರವಿದೆ: ಅವರಿಗೆ ಆಗದೆ ಇರಬಹುದು, ನಿಮಗೆ ಆಗಬಹುದು, ಮುಂಚಿತವಾಗಿ ತಿಳಿಯುವ ಸುಲಭ ದಾರಿ ಇಲ್ಲ. ಫ್ರಾನ್ಸ್ ದೇಶದಲ್ಲಿ ಔಷಧಗಳಲ್ಲಿ ಉಪ್ಪಾಗೆ ಬಳಸುವುದನ್ನು 2012ರಲ್ಲೇ ನಿಷೇಧಿಸಿದ್ದರೂ ಪೂರಕ ಆಹಾರವೆಂದು ಮಾರಾಟ ಮುಂದುವರಿದಿತ್ತು. ಅಲ್ಲಿನ ಆಹಾರ ಸುರಕ್ಷತಾ ಸಂಸ್ಥೆ 38 ತೊಂದರೆಯ ಪ್ರಕರಣಗಳನ್ನು ಪರಿಶೀಲಿಸಿ, ಇಂಥ ಪೂರಕಗಳನ್ನು ಯಾರೂ ತಿನ್ನಬಾರದೆಂದು 2025ರ ಮಾರ್ಚಿನಲ್ಲಿ ಸ್ಪಷ್ಟವಾಗಿ ಹೇಳಿತು.

ಹಾಗಾದರೆ ನಮ್ಮ ಅಜ್ಜಿಯಂದಿರು ಹಾಕಿದ ಉಪ್ಪಾಗೆ? ಒಂದು ಪಾತ್ರೆ ಸಾರಿಗೆ ಎರಡು ಚೂರು ಸಿಪ್ಪೆ ಬಿದ್ದರೆ ಆರು ಜನ ಊಟ ಮಾಡುತ್ತಾರೆ, ಅದೂ ದಿನಾಲು ಅಲ್ಲ. ಗುಳಿಗೆಯಲ್ಲಿರುವುದು ದ್ರಾವಕಗಳಿಂದ ಹಿಂಡಿ ತೆಗೆದು ಗಟ್ಟಿ ಮಾಡಿದ ಸತ್ವ, ದಿನಕ್ಕೆ ಮೂರು ಹೊತ್ತು, ತಿಂಗಳುಗಟ್ಟಲೆ. ಕಬ್ಬು ತಿನ್ನುವುದಕ್ಕೂ ಸಕ್ಕರೆ ಮುಕ್ಕುವುದಕ್ಕೂ ಇರುವ ಅಂತರವನ್ನು ನೆನೆದುಕೊಂಡರೆ ಸಾಕು. ಆದ್ದರಿಂದ ಅಡುಗೆಯ ಉಪ್ಪಾಗೆಗೆ ಹೆದರುವ ಕಾರಣವಿಲ್ಲ, ಗುಳಿಗೆಗೆ ಅಡುಗೆಯ ಉಪ್ಪಾಗೆಯನ್ನು ಸಾಕ್ಷಿ ಹೇಳಿಸುವುದೂ ಸರಿಯಲ್ಲ.

ಇನ್ನು ಕಾಫಿಯ ಕಥೆ. ಇದು ನಮ್ಮ ಬೆಂಗಳೂರಿನಲ್ಲಿ ನಡೆದದ್ದು, ಆದರೂ ನಮ್ಮ ಪತ್ರಿಕೆಗಳಲ್ಲಿ ಅದರ ಸುದ್ದಿ ಬಂದದ್ದು ಕಡಿಮೆ. ಹುರಿಯದ ಕಾಫಿ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲವೆಂಬ ವಸ್ತು ಹೇರಳವಾಗಿರುತ್ತದೆ, ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಹೆಚ್ಚು. ಹುರಿದಾಗ ಬಹುಪಾಲು ನಾಶವಾಗುತ್ತದೆ. ಇದರ ಸತ್ವ ಮಾರುತ್ತಿದ್ದ ಅಮೆರಿಕದ ಟೆಕ್ಸಸ್‌ನ ‘ಅಪ್ಲೈಡ್ ಫುಡ್ ಸೈನ್ಸಸ್’ ಎಂಬ ಕಂಪನಿ ಹಣ ಕೊಟ್ಟು ಬೆಂಗಳೂರಿನಲ್ಲಿ ಒಂದು ಪರೀಕ್ಷೆ ಮಾಡಿಸಿತು. ಪರೀಕ್ಷೆಗೆ ಒಳಗಾದವರು ಕೇವಲ 16 ಜನ. ಅದರ ವರದಿ 2012ರ ಜನವರಿಯಲ್ಲಿ ಪ್ರಕಟವಾಗಿ, 22 ವಾರಗಳಲ್ಲಿ ಸರಾಸರಿ 8 ಕಿಲೋ ಇಳಿಯಿತು ಎಂದು ಸಾರಿತು. ಅದೇ ವರ್ಷ ಅಮೆರಿಕದ ಪ್ರಸಿದ್ಧ ಟಿ.ವಿ. ವೈದ್ಯ ಮೆಹ್ಮೆತ್ ಓಜ್ ತಮ್ಮ ಕಾರ್ಯಕ್ರಮದಲ್ಲಿ ಇದನ್ನು ಹಾಡಿ ಹೊಗಳಿದರು. ಹಸಿರು ಕಾಫಿಯ ಗುಳಿಗೆಗೆ ರಾತ್ರೋರಾತ್ರಿ ಬೇಡಿಕೆ ಬಂತು.

ಅಲ್ಲಿನ ಕೇಂದ್ರ ವ್ಯಾಪಾರ ಆಯೋಗ ತನಿಖೆ ಮಾಡಿದಾಗ ಹೊರಬಿದ್ದ ಸಂಗತಿಗಳು ಹೀಗಿವೆ: ಪರೀಕ್ಷೆ ನಡೆಸಿದವರು ಜನರ ತೂಕದ ಅಂಕಿಗಳನ್ನು ಮತ್ತೆ ಮತ್ತೆ ತಿದ್ದಿದ್ದರು, ಪರೀಕ್ಷೆಯ ಅವಧಿಯನ್ನೇ ಬದಲಿಸಿದ್ದರು, ಯಾರು ಸತ್ವ ತಿಂದವರು, ಯಾರು ಬರಿಯ ಗುಳಿಗೆ ತಿಂದವರು ಎಂಬುದನ್ನೂ ತಪ್ಪಾಗಿ ತೋರಿಸಿದ್ದರು. ಕಂಪನಿಯು 2014ರ ಸೆಪ್ಟೆಂಬರಿನಲ್ಲಿ 35 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಮುಂದಿನ ತಿಂಗಳು ಲೇಖಕರು ತಮ್ಮ ವರದಿಯನ್ನು ಹಿಂತೆಗೆದುಕೊಂಡರು. ಆದರೆ ಗುಳಿಗೆ ಮಾತ್ರ ಹಿಂದೆ ಹೋಗಲಿಲ್ಲ. ಹನ್ನೊಂದು ವರ್ಷಗಳ ಮೇಲಾದರೂ ಅದು ನಮ್ಮ ಪೇಟೆಯಲ್ಲಿ, ಅದೇ ಮಾತುಗಳೊಡನೆ ಸಿಗುತ್ತಿದೆ. ಬೆಳೆಗಾರನ ಕೈಯಿಂದ ಕಾಫಿ ಯಾವ ಧಾರಣೆಗೆ ಹೋಗುತ್ತದೆ, ಡಬ್ಬಿಯಲ್ಲಿ ಯಾವ ಧಾರಣೆಗೆ ಬರುತ್ತದೆ ಎಂಬ ಲೆಕ್ಕವನ್ನು ಸದಸ್ಯರೇ ಹಾಕಿ ನೋಡಬಹುದು.

ಈಗ ಕಾನೂನಿಗೆ ಬರೋಣ. ಬಹಳ ಜನರಿಗೆ ಗೊಂದಲವಿರುವುದು ಇಲ್ಲಿಯೇ. “ಸರ್ಕಾರದ ನಂಬರು ಇದೆಯಲ್ಲ” ಎಂಬ ಒಂದು ಮಾತಿನಿಂದ ಎಷ್ಟೋ ಡಬ್ಬಿಗಳು ಮಾರಾಟವಾಗುತ್ತವೆ.

ನಮ್ಮ ದೇಶದಲ್ಲಿ ಅಲೋಪತಿ ಔಷಧಕ್ಕೆ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಅಧಿನಿಯಮ ಅನ್ವಯಿಸುತ್ತದೆ. ಹೊಸ ಔಷಧವನ್ನು ಪೇಟೆಗೆ ತರುವವನು ಅದು ಕೆಲಸ ಮಾಡುತ್ತದೆ, ಸಹಿಸಬಹುದಾದಷ್ಟು ಸುರಕ್ಷಿತ ಎಂದು ಮೊದಲು ತೋರಿಸಬೇಕು. ಹೀಗೆ ತೋರಿಸಿ ಬಂದ ತೂಕದ ಔಷಧಗಳೂ ಮುಂದೆ ಮುಗ್ಗರಿಸಿವೆ. ಫೆನ್‌ಫ್ಲೂರಮಿನ್ ಹೃದಯದ ಕವಾಟಗಳನ್ನು ಕೆಡಿಸುತ್ತದೆಂದು ತಿಳಿದು 1997ರಲ್ಲಿ ಅಮೆರಿಕದ ಪೇಟೆಯಿಂದ ಹೋಯಿತು, ಆಮೇಲೆ ಇಲ್ಲಿಯೂ ನಿಷೇಧವಾಯಿತು. ಮನಸ್ಸಿಗೆ ಖಿನ್ನತೆ ತರುತ್ತದೆಂದು ರಿಮೊನಬಂಟ್ ಅನ್ನು ಭಾರತ ಸರ್ಕಾರ 2009ರ ಡಿಸೆಂಬರಿನಲ್ಲಿ ನಿಷೇಧಿಸಿತು. ಸಿಬುಟ್ರಮಿನ್ ಎಂಬುದು ನಮ್ಮಲ್ಲಿ ಧಾರಾಳವಾಗಿ ಬಳಕೆಯಲ್ಲಿದ್ದ ಔಷಧ. ಹೃದಯದ ಅಪಾಯವಿದ್ದ ಸುಮಾರು 10,000 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಅದು ಹೃದಯಾಘಾತ, ಲಕ್ವಗಳನ್ನು ಹೆಚ್ಚಿಸಿದ್ದು ಕಂಡುಬಂದು 2010ರಲ್ಲಿ ಪಾಶ್ಚಾತ್ಯ ದೇಶಗಳಲ್ಲಿಯೂ 2011ರ ಫೆಬ್ರುವರಿಯಲ್ಲಿ ಭಾರತದಲ್ಲಿಯೂ ನಿಂತಿತು. ತಡವಾದರೂ ಎಣಿಸುವವರಿದ್ದರು, ಎಣಿಸಿದ ಮೇಲೆ ನಿಲ್ಲಿಸುವವರಿದ್ದರು.

ಪೂರಕ ಆಹಾರದ ದಾರಿ ಬೇರೆ. ಅದಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, ಅದರಡಿ 2018ರ ಜನವರಿ 1ರಿಂದ ಜಾರಿಗೆ ಬಂದ ಪೂರಕ ಆಹಾರಗಳ ನಿಯಮಗಳು ಅನ್ವಯಿಸುತ್ತವೆ. ಡಬ್ಬಿಯ ಮೇಲಿನ 14 ಅಂಕಿಗಳ ಎಫ್.ಎಸ್.ಎಸ್.ಎ.ಐ. ಸಂಖ್ಯೆಯು ತಯಾರಕನಿಗೆ ಆಹಾರ ತಯಾರಿಸಲು ಪರವಾನಿಗೆ ಇದೆ ಎನ್ನುತ್ತದೆ, ಅಷ್ಟೇ. ಹುಬ್ಬಳ್ಳಿಯ ಖಾನಾವಳಿಯ ಗೋಡೆಯ ಮೇಲೂ ಅಂಥದೇ ಸಂಖ್ಯೆ ಇದೆ. ಅಲ್ಲಿ ಊಟ ಮಾಡಿದರೆ ತೂಕ ಇಳಿಯುತ್ತದೆಂದು ಯಾರೂ ತಿಳಿಯುವುದಿಲ್ಲವಷ್ಟೆ! ಇಂಥ ಡಬ್ಬಿಯ ಮೇಲೆ “ಔಷಧವಾಗಿ ಬಳಸಲು ಅಲ್ಲ” ಎಂಬ ಅರ್ಥದ ಮಾತನ್ನು ಇಂಗ್ಲಿಷಿನಲ್ಲಿ, ‘ನಾಟ್ ಫಾರ್ ಮೆಡಿಸಿನಲ್ ಯೂಸ್’ ಎಂದು ಎದ್ದು ಕಾಣುವಂತೆ ಮುದ್ರಿಸಬೇಕೆಂದು ನಿಯಮವೇ ಹೇಳುತ್ತದೆ. ಮುಂದುಗಡೆ ಸಪೂರ ಸೊಂಟದ ಚಿತ್ರ, ಹಿಂದುಗಡೆ ಈ ಮಾತು. ಎರಡನ್ನೂ ಕೂಡಿಸಿ ಓದಬೇಕು.

ಆಯುರ್ವೇದದ ಹೆಸರಿನಲ್ಲಿ ಬರುವುದಕ್ಕೆ ಇನ್ನೊಂದು ಬಗೆಯ ಪರವಾನಿಗೆ. ಅದು ಔಷಧವೇ, ಅದನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಕೆಲವು ‘ಸ್ಲಿಮ್ಮಿಂಗ್ ಚಹಾ’ಗಳಲ್ಲಿರುವುದು ಸೋನಾಮುಖಿಯಂಥ ಭೇದಿಯ ಸೊಪ್ಪು. ಎರಡು ದಿನದಲ್ಲಿ ಎರಡು ಕಿಲೋ ಇಳಿದರೆ ಹೋದದ್ದು ನೀರು, ಕೊಬ್ಬಲ್ಲ.

ಜಾಹೀರಾತಿನ ವಿಷಯದಲ್ಲಿ ಒಂದು ಹಳೆಯ ಕಾನೂನಿದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಅಧಿನಿಯಮದ ಅನುಸೂಚಿಯಲ್ಲಿ ಔಷಧದಿಂದ ಗುಣಪಡಿಸುತ್ತೇವೆಂದು ಜಾಹೀರಾತು ಕೊಡಬಾರದ 54 ರೋಗಸ್ಥಿತಿಗಳ ಪಟ್ಟಿ ಇದ್ದು, ಬೊಜ್ಜು ಅದರಲ್ಲಿ ಒಂದು. ಮೊದಲ ತಪ್ಪಿಗೆ ಆರು ತಿಂಗಳವರೆಗೆ ಸೆರೆವಾಸವಿದೆ. ಆದರೆ “ನಮ್ಮದು ಔಷಧವಲ್ಲ, ಆಹಾರ” ಎಂದು ಜಾರಿಕೊಳ್ಳುವವರೇ ಬಹಳ. ಆಹಾರದ ಸುಳ್ಳು ಜಾಹೀರಾತಿಗೂ 2006ರ ಅಧಿನಿಯಮದ 53ನೆಯ ಪ್ರಕರಣದಡಿ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಕಾನೂನು ಇಲ್ಲವೆಂದು ಹೇಳುವಂತಿಲ್ಲ. ದೂರು ಕೊಡುವವರು ಕಡಿಮೆ.

ಎಲ್ಲಕ್ಕಿಂತ ಹೆಚ್ಚು ಭಯಪಡಬೇಕಾದದ್ದು ಚೀಟಿಯ ಮೇಲೆ ಬರೆಯದೆ ಒಳಗೆ ಬೆರೆಸಿರುವ ವಸ್ತು. ಅಮೆರಿಕದ ಆಡಳಿತವು 2007ರಿಂದ 2016ರವರೆಗೆ ಬಚ್ಚಿಟ್ಟ ಔಷಧವಿರುವ 776 ಪೂರಕಗಳನ್ನು ಪತ್ತೆ ಮಾಡಿತು. ಅವುಗಳಲ್ಲಿ 317 ತೂಕ ಇಳಿಸುವಂಥವು. ಆ 317ರಲ್ಲಿ 269ರೊಳಗೆ ಇದ್ದದ್ದು ಮೇಲೆ ಹೇಳಿದ, ನಿಷೇಧವಾದ ಅದೇ ಸಿಬುಟ್ರಮಿನ್! ಅಂದರೆ ಮುಂಬಾಗಿಲಿನಿಂದ ಹೊರಗೆ ಹಾಕಿದ್ದು ಹಿತ್ತಲ ಬಾಗಿಲಿನಿಂದ ‘ನೈಸರ್ಗಿಕ’ ಎಂಬ ಹೆಸರಿಟ್ಟುಕೊಂಡು ಒಳಗೆ ಬಂದಿದೆ. ಗಿಡಮೂಲಿಕೆಯ ಗುಳಿಗೆಯೊಂದು ನಿಜವಾಗಿಯೂ ಬೇಗ ಹಸಿವು ಕಟ್ಟಿ, ಎದೆ ಬಡಿತ ಹೆಚ್ಚಿಸಿ, ನಿದ್ರೆ ಕೆಡಿಸಿದರೆ ಸಂತೋಷಪಡುವುದರ ಬದಲು ಸಂಶಯಪಡಬೇಕು. ಮಾರಾಟಕ್ಕೆ ಬಾರದ ಇನ್ನೊಂದು ಹಳೆಯ ವಿಷವೂ ಇದೆ, ಡೈನೈಟ್ರೋಫಿನಾಲ್. ಬಣ್ಣ ಮತ್ತು ಸಿಡಿಮದ್ದಿಗೆ ಬಳಸುತ್ತಿದ್ದ ಇದನ್ನು 1933ರ ಸುಮಾರಿಗೆ ತೂಕ ಇಳಿಸಲು ಕೊಟ್ಟು, ಕಣ್ಣುಪೊರೆ ಮತ್ತು ಸಾವುಗಳನ್ನು ಕಂಡು 1938ರಲ್ಲಿ ಅಮೆರಿಕದವರು ಮನುಷ್ಯರು ಸೇವಿಸಬಾರದೆಂದು ಸಾರಿದರು. ಯಾರಾದರೂ ಇದನ್ನು ಕೊಟ್ಟರೆ ಮುಟ್ಟಲೂಬಾರದು.

ನಿಜವಾಗಿ ವೈದ್ಯಕೀಯ ಕಾರಣಕ್ಕೆ ತೂಕ ಇಳಿಸಲೇಬೇಕಾದವರಿಗೆ ಔಷಧಗಳೇ ಇಲ್ಲವೆಂದಲ್ಲ. ಆರ್ಲಿಸ್ಟಾಟ್ ಇದೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಟಿರ್ಜೆಪಟೈಡ್ ಮತ್ತು ಸೆಮಾಗ್ಲುಟೈಡ್‌ಗಳು ತೂಕ ಇಳಿಸಲೆಂದು 2025ರಲ್ಲಿ ನಮ್ಮ ದೇಶಕ್ಕೂ ಬಂದಿವೆ. ಇವು ಪರೀಕ್ಷೆಗಳಲ್ಲಿ ಗೆದ್ದಂಥವು, ಆದರೆ ವೈದ್ಯರ ಚೀಟಿ ಮತ್ತು ನಿಗಾ ಇಲ್ಲದೆ ತೆಗೆದುಕೊಳ್ಳುವಂಥವಲ್ಲ. ಸೆಮಾಗ್ಲುಟೈಡ್‌ನ ನಕಲಿ ಮಾಲು ಸಿಕ್ಕಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನಿನಲ್ಲಿ ಎಚ್ಚರಿಕೆ ಕೊಟ್ಟಿತ್ತು.

ಇಷ್ಟೆಲ್ಲ ಬರೆದ ಮೇಲೆ ಕೆಲವು ಸದಸ್ಯರು ಮುನಿಯಬಹುದು. ಉಪ್ಪಾಗೆ ಸಿಪ್ಪೆಯಿಂದ ಮಳೆಗಾಲದ ಖರ್ಚು ಕಳೆಯುವ ಮನೆಗಳು ನಮ್ಮಲ್ಲಿವೆ. ಆದರೆ 1990ರ ದಶಕದಲ್ಲಿ ರಫ್ತಿನ ಬೇಡಿಕೆ ಏರಿದಾಗ ಏನಾಯಿತೆಂಬುದು ಹಿರಿಯರಿಗೆ ನೆನಪಿದೆ. ಇನ್ನೊಬ್ಬನಿಗೆ ಸಿಕ್ಕೀತೆಂದು ಬಲಿಯುವ ಮುಂಚೆಯೇ ಕಾಯಿ ಕೊಯ್ದದ್ದು, ಟೊಂಗೆ ಕಡಿದದ್ದು, ಬಿಸಿಲಿಲ್ಲದ ದಿನಗಳಲ್ಲಿ ಸಿಪ್ಪೆ ಒಣಗಿಸಲು ಹೊರೆಗಟ್ಟಲೆ ಕಟ್ಟಿಗೆ ಉರಿಸಿದ್ದು. ನಿತಿನ್ ರೈ ಮತ್ತು ಕ್ರಿಸ್ಟೋಫರ್ ಉಲ್ ಎಂಬ ಸಂಶೋಧಕರು ಈ ಉಪ್ಪಾಗೆ ಕೊಯ್ಲಿನ ಮೇಲೆಯೇ 2004ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ಗುಳಿಗೆಯ ಬೇಡಿಕೆಯನ್ನು ನಂಬಿದ ಧಾರಣೆ ದೂರದ ಯಾವುದೋ ಟಿ.ವಿ. ಕಾರ್ಯಕ್ರಮದಿಂದ ಏರುತ್ತದೆ, ಮತ್ತೊಂದು ಎಚ್ಚರಿಕೆಯಿಂದ ಇಳಿಯುತ್ತದೆ. ಮೀನಿನ ಸಾರು, ಕಾಚಂಪುಳಿಗಳ ಬೇಡಿಕೆ ಸಣ್ಣದಿರಬಹುದು, ಅದಕ್ಕೆ ಫ್ರಾನ್ಸಿನ ಭಯವಿಲ್ಲ. ಚೆನ್ನಾಗಿ ಬಲಿತ, ಹೊಗೆ ಹೆಚ್ಚು ತಾಗದ ಅಡುಗೆಯ ಸಿಪ್ಪೆಗೆ ಒಳ್ಳೆಯ ದರ ಕೊಡಿಸುವ ದಾರಿಯನ್ನು ನಾವು ಹುಡುಕುವುದು ಮೇಲೆಂದು ಈ ಲೇಖಕನ ಅಭಿಪ್ರಾಯ.

ಮನೆಯಲ್ಲಿ ಯಾರಾದರೂ ಇಂಥ ಗುಳಿಗೆ ತಿನ್ನುತ್ತಿದ್ದು ಹಸಿವು ಸತ್ತು, ವಾಕರಿಕೆ, ಮೈ ತುರಿಕೆ, ಮೂತ್ರ ಕಡುಹಳದಿ, ಕಣ್ಣು ಹಳದಿ ಆದರೆ ಕಾಮಾಲೆಗೆ ಬೇರು ಕಟ್ಟಿಸುತ್ತ ಕೂಡ್ರಬಾರದು. ಗುಳಿಗೆ ನಿಲ್ಲಿಸಿ, ಡಬ್ಬಿಯನ್ನು ಕೈಯಲ್ಲಿ ಹಿಡಿದೇ ಹುಬ್ಬಳ್ಳಿಯ ಕಿಮ್ಸ್ ಆಗಲಿ ಸಮೀಪದ ಆಸ್ಪತ್ರೆಯಾಗಲಿ ಸೇರಬೇಕು. ಮಕ್ಕಳು ಬೈಗುಳಕ್ಕೆ ಹೆದರಿ ಗುಳಿಗೆ ತಿಂದದ್ದನ್ನು ವೈದ್ಯರಿಗೆ ಹೇಳುವುದಿಲ್ಲ, ಆದ್ದರಿಂದ ಬೈಯದೆ ಕೇಳಬೇಕು. ಔಷಧದ ದುಷ್ಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ನಡೆದಿದೆ. ಅದರ ಉಚಿತ ದೂರವಾಣಿ 1800-180-3024, ರೋಗಿಯ ಮನೆಯವರೂ ತಿಳಿಸಬಹುದು.

ಡಬ್ಬಿಯ ಬಗ್ಗೆಯೇ ಸಂಶಯವಿದ್ದರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ, ಔಷಧವಾದರೆ ಔಷಧ ನಿಯಂತ್ರಣದ ಅಧಿಕಾರಿಗೆ ಬರೆದುಕೊಡಬೇಕು. ಹುಬ್ಬಳ್ಳಿಯಲ್ಲಿ ಸರ್ಕಾರಿ ಔಷಧ ಪರೀಕ್ಷಾ ಪ್ರಯೋಗಾಲಯವಿದೆ, ಆಹಾರದ ವಿಭಾಗೀಯ ಪ್ರಯೋಗಾಲಯ ಬೆಳಗಾವಿಯಲ್ಲಿದೆ. ಕೊಂಡವರೇ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಿಕೊಳ್ಳುವ ಹಕ್ಕನ್ನು ಆಹಾರದ ಅಧಿನಿಯಮದ 40ನೆಯ ಪ್ರಕರಣವೂ ಔಷಧದ ಅಧಿನಿಯಮದ 26ನೆಯ ಪ್ರಕರಣವೂ ಕೊಟ್ಟಿವೆ. ಆಹಾರದ ವಿಷಯದಲ್ಲಿ ಕೊಳ್ಳುವಾಗಲೇ ಅಂಗಡಿಯವರಿಗೆ “ಪರೀಕ್ಷೆಗೆ ಕಳಿಸುತ್ತೇನೆ” ಎಂದು ತಿಳಿಸಿರಬೇಕು, ಮಾಲು ನಿಯಮಕ್ಕೆ ವಿರುದ್ಧವೆಂದು ವರದಿ ಬಂದರೆ ಕಟ್ಟಿದ ಶುಲ್ಕ ಹಿಂದಕ್ಕೆ ಸಿಗುತ್ತದೆ. ರಸೀದಿ ಇಟ್ಟುಕೊಂಡಿರಬೇಕು, ಡಬ್ಬಿಯ ಬ್ಯಾಚ್ ಸಂಖ್ಯೆ ಹರಿದುಹೋಗಿರಬಾರದು.